ಮಾಂಗಾ ಮತ್ತು ಅನಿಮೆಗಳಲ್ಲಿ ಸ್ತ್ರೀಪಾತ್ರಗಳ ಉಡುಪು: ಅನಾವರಣದ ಅರ್ಥ ಮತ್ತು ಔಚಿತ್ಯ

1. ಪ್ರವೇಶ

ಜಪಾನಿನ ಚಿತ್ರಕಥೆಗಳಾದ ಮಾಂಗಾ ಮತ್ತು ಅಲ್ಲಿನ ಅನಿಮೇಶನ್ ಪ್ರಕಾರವಾದ ಅನಿಮೆಗಳನ್ನು ಕುರಿತ ಚರ್ಚೆಯಲ್ಲಿ ಮತ್ತೆ ಮತ್ತೆ ಎದುರಾಗುವ ಆಕ್ಷೇಪವೊಂದಿದೆ. ಅವುಗಳಲ್ಲಿನ ಸ್ತ್ರೀಪಾತ್ರಗಳ ಉಡುಪು ಕಥೆಯ ಅಗತ್ಯವನ್ನು ಮೀರಿ ದೇಹವನ್ನು ಪ್ರದರ್ಶಿಸುತ್ತದೆ ಎಂಬುದೇ ಆ ಆಕ್ಷೇಪ. ಇದಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಬರುತ್ತವೆ. ಇಡೀ ಪ್ರಕಾರವನ್ನೇ ಅಶ್ಲೀಲವೆಂದು ತಳ್ಳಿಹಾಕುವುದು ಒಂದು ಬಗೆ. ಇವು ಕಾಗದದ ಮೇಲಿನ ಗೆರೆಗಳಷ್ಟೇ, ಇವುಗಳಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಸಮರ್ಥಿಸುವುದು ಇನ್ನೊಂದು ಬಗೆ. ಮೇಲುನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಈ ಎರಡು ನಿಲುವುಗಳಲ್ಲಿಯೂ ಒಂದು ಸಮಾನವಾದ ದೋಷವಿದೆ. ಅನಾವರಣಕ್ಕೆ ಎಲ್ಲ ಕೃತಿಗಳಲ್ಲಿಯೂ ಒಂದೇ ಅರ್ಥವಿದೆ ಎಂದು ಇವೆರಡೂ ಭಾವಿಸುತ್ತವೆ. ಯಾವ ಕೃತಿಯಲ್ಲಿ, ಯಾವ ಓದುಗರಿಗಾಗಿ, ಕಥನದ ಯಾವ ಘಟ್ಟದಲ್ಲಿ ಉಡುಪು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಇವು ಕೇಳುವುದಿಲ್ಲ. 1953ರಿಂದ 2013ರವರೆಗಿನ ಕೆಲವು ಪ್ರಾತಿನಿಧಿಕ ಕೃತಿಗಳನ್ನು ಮತ್ತು ಅನಂತರದ ಕೆಲವು ಸಾರ್ವಜನಿಕ ವಿವಾದಗಳನ್ನು ಆಧರಿಸಿ ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಚಾರಿತ್ರಿಕ ಹಿನ್ನೆಲೆ

ದೇಹಪ್ರದರ್ಶನದ ಬಗ್ಗೆ ಜಪಾನೀ ಸಮಾಜಕ್ಕೆ ಮೊದಲಿನಿಂದಲೂ ಸಂಕೋಚವಿರಲಿಲ್ಲ, ಆದ್ದರಿಂದ ಮಾಂಗಾದಲ್ಲಿಯೂ ಅದೇ ಮುಂದುವರಿದಿದೆ ಎಂಬ ವಿವರಣೆ ಸುಲಭವಾದದ್ದು, ಆದರೆ ಅಪೂರ್ಣವಾದದ್ದು. ಮೇಜಿ ಆಡಳಿತದ ಆರಂಭದಲ್ಲಿ, ಅಂದರೆ 1872ರಲ್ಲಿ, ತೋಕಿಯೊ ನಗರದಲ್ಲಿ ಜಾರಿಗೆ ಬಂದ ಸಣ್ಣ ಅಪರಾಧಗಳ ನಿಯಮಾವಳಿಯು ಬೀದಿಯಲ್ಲಿ ಬರಿಮೈಯಲ್ಲಿ ಓಡಾಡುವುದನ್ನೂ ಸಾರ್ವಜನಿಕ ಸ್ನಾನಗೃಹಗಳಲ್ಲಿ ಸ್ತ್ರೀಪುರುಷರು ಒಟ್ಟಿಗೆ ಮೀಯುವುದನ್ನೂ ನಿಷೇಧಿಸಿತು. ಪಾಶ್ಚಾತ್ಯರ ಕಣ್ಣಿಗೆ ‘ನಾಗರಿಕ’ವಾಗಿ ಕಾಣಬೇಕೆಂಬ ಕಾಳಜಿ ಇದರ ಹಿಂದಿತ್ತು. ಆದರೆ ಅದೇ ಪಶ್ಚಿಮದಿಂದ ನಗ್ನಚಿತ್ರವೆಂಬ ಕಲಾಪ್ರಕಾರವೂ ಬಂದಿತು. ಫ್ರಾನ್ಸಿನಲ್ಲಿ ಕಲಿತು ಬಂದ ಕುರೊದಾ ಸೇಕಿಯ ನಗ್ನ ಸ್ತ್ರೀಚಿತ್ರವು 1895ರಲ್ಲಿ ಕ್ಯೋತೊ ನಗರದ ಪ್ರದರ್ಶನದಲ್ಲಿ ದೊಡ್ಡ ವಿವಾದವನ್ನೆಬ್ಬಿಸಿತು. 1901ರ ಇನ್ನೊಂದು ಪ್ರದರ್ಶನದಲ್ಲಿ ಅವನ ಚಿತ್ರದ ಕೆಳಭಾಗಕ್ಕೆ ಬಟ್ಟೆಯನ್ನೇ ಸುತ್ತಲಾಯಿತು.

ಈ ಪ್ರಸಂಗ ಕೇವಲ ವಿನೋದದ್ದಲ್ಲ. ಸ್ನಾನಗೃಹದಲ್ಲಿ ದಿನನಿತ್ಯದ ಸಂಗತಿಯಾಗಿದ್ದ ಮೈ ಇಲ್ಲಿ ನೋಡುವುದಕ್ಕೆಂದೇ ಇಟ್ಟ ವಸ್ತುವಾಗಿದೆ. ಹೊದಿಸಿದ ಬಟ್ಟೆಯು ದೇಹವನ್ನು ಮರೆಮಾಡುವುದಕ್ಕಿಂತ ನೋಡುವವರ ಕಣ್ಣನ್ನು ಎತ್ತಿ ತೋರಿಸಿದೆ. ಮುಚ್ಚುವುದು ಮತ್ತು ತೋರಿಸುವುದು ಪರಸ್ಪರ ವಿರುದ್ಧ ಕ್ರಿಯೆಗಳಲ್ಲ, ಒಂದೇ ವ್ಯವಸ್ಥೆಯ ಎರಡು ಮುಖಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮಾಂಗಾದ ಉಡುಪನ್ನು ಈ ಆಧುನಿಕ ನೋಟದ ಚರಿತ್ರೆಯೊಳಗೇ ಇಟ್ಟು ನೋಡಬೇಕಾಗುತ್ತದೆ.

3. ಓದುಗ ವರ್ಗ ಮತ್ತು ವೇಷ

ಮಾಂಗಾ ಪತ್ರಿಕೆಗಳು ಓದುಗರ ವಯಸ್ಸು ಮತ್ತು ಲಿಂಗಗಳನ್ನು ಅನುಸರಿಸಿ ವಿಂಗಡಣೆಗೊಂಡಿವೆ. ಹುಡುಗರಿಗೆ ‘ಶೋನೆನ್’, ಹುಡುಗಿಯರಿಗೆ ‘ಶೋಜೊ’, ವಯಸ್ಕರಿಗೆ ಬೇರೆ ಪತ್ರಿಕೆಗಳು. ಉಡುಪಿನ ಅರ್ಥವು ಮೊದಲು ನಿರ್ಧಾರವಾಗುವುದು ಈ ವಿಂಗಡಣೆಯಲ್ಲಿ.

ಶೋಜೊ ಪರಂಪರೆಯಲ್ಲಿ ವೇಷವು ಪಾತ್ರದ ಸಾಧ್ಯತೆಗಳನ್ನು ಹಿಗ್ಗಿಸುವ ಸಾಧನವಾಗಿ ಬಂದಿತು. ತೆಜುಕಾ ಒಸಾಮು 1953ರಲ್ಲಿ ಆರಂಭಿಸಿದ ‘ರಿಬೊನ್ ನೊ ಕಿಶಿ’ಯ ನಾಯಕಿ ಸಫೈರ್ ರಾಜಕುಮಾರನ ವೇಷದಲ್ಲಿ ಖಡ್ಗ ಹಿಡಿಯುತ್ತಾಳೆ. ಎಲ್ಲ ಪಾತ್ರಗಳನ್ನೂ ಸ್ತ್ರೀಯರೇ ಅಭಿನಯಿಸುವ ತಕರಾಜುಕಾ ರಂಗತಂಡದ ಊರಿನಲ್ಲಿ ತೆಜುಕಾ ಬೆಳೆದವನೆಂಬುದು ಇಲ್ಲಿ ಗಮನಾರ್ಹ. ಇಕೆದಾ ರಿಯೊಕೊ 1972ರಲ್ಲಿ ಆರಂಭಿಸಿದ ‘ವರ್ಸೈಲ್ಸ್ ನೊ ಬಾರಾ’ದ ಓಸ್ಕರ್ ಸೇನಾಧಿಕಾರಿಯ ಸಮವಸ್ತ್ರದಲ್ಲಿ ಫ್ರೆಂಚ್ ಕ್ರಾಂತಿಯ ನಡುವೆ ನಿಲ್ಲುತ್ತಾಳೆ. ಈ ಎರಡು ಕೃತಿಗಳಲ್ಲಿಯೂ ಉಡುಪು ನಾಯಕಿಗೆ ನಿಷಿದ್ಧವಾಗಿದ್ದ ಅಧಿಕಾರದ ಬಾಗಿಲನ್ನು ತೆರೆಯುತ್ತದೆ.

ಶೋನೆನ್ ಪತ್ರಿಕೆಗಳಲ್ಲಿ ಇದಕ್ಕೆ ಭಿನ್ನವಾದ ಧಾರೆಯೊಂದು ರೂಪುಗೊಂಡಿತು. ನಾಗಾಯ್ ಗೋ 1968ರಿಂದ 1972ರವರೆಗೆ ‘ಶೋನೆನ್ ಜಂಪ್’ ಪತ್ರಿಕೆಯಲ್ಲಿ ಬರೆದ ‘ಹರೆಂಚಿ ಗಕುಎನ್’ ಶಾಲೆಯೊಂದನ್ನು ಕೇಂದ್ರವಾಗಿಟ್ಟ ಹಾಸ್ಯಕೃತಿ. ಹುಡುಗಿಯರ ಲಂಗ ಎತ್ತುವುದು ಅದರ ಮುಖ್ಯ ಚೇಷ್ಟೆಗಳಲ್ಲಿ ಒಂದಾಗಿತ್ತು. ಪೋಷಕರ ಮತ್ತು ಶಿಕ್ಷಕರ ಸಂಘಗಳು ಇದರ ವಿರುದ್ಧ ತೀವ್ರವಾಗಿ ಪ್ರತಿಭಟಿಸಿದವು. ಆ ಕೃತಿಯಲ್ಲಿ ಶಿಕ್ಷಣವ್ಯವಸ್ಥೆಯ ವಿಡಂಬನೆಯಿದೆ ಎಂಬುದು ನಿಜ. ಆದರೆ ವಿಡಂಬನೆಯ ಗುರಿ ಶಿಕ್ಷಕರಾಗಿದ್ದರೂ ಅವಮಾನದ ಭಾರವನ್ನು ಹೊತ್ತವರು ಹುಡುಗಿಯರು ಎಂಬ ಅಂಶವನ್ನು ಮರೆಯುವಂತಿಲ್ಲ.

ತಕಾಹಾಶಿ ರುಮಿಕೊ 1978ರಿಂದ 1987ರವರೆಗೆ ಬರೆದ ‘ಉರುಸೇ ಯಾತ್ಸುರಾ’ದ ಲಮ್ ಎಂಬ ಪಾತ್ರ ಈ ಸರಳ ವಿಭಜನೆಯನ್ನು ತೊಡಕಾಗಿಸುತ್ತದೆ. ಲೇಖಕಿ ಸ್ತ್ರೀ, ಪತ್ರಿಕೆ ಹುಡುಗರದು. ಅನ್ಯಗ್ರಹದಿಂದ ಬಂದ ಲಮ್ ಹುಲಿಪಟ್ಟೆಯ ಬಿಕಿನಿಯನ್ನು ತೊಟ್ಟವಳು. ಈ ಉಡುಪು ಆಕಸ್ಮಿಕವಾದದ್ದಲ್ಲ. ಜಪಾನೀ ಜನಪದದ ‘ಓನಿ’ ಎಂಬ ರಾಕ್ಷಸನಿಗೆ ಕೊಂಬುಗಳೂ ಸೊಂಟಕ್ಕೆ ಹುಲಿಚರ್ಮವೂ ಇರುತ್ತವೆ. ದುಷ್ಟಶಕ್ತಿಗಳು ಪ್ರವೇಶಿಸುವ ಈಶಾನ್ಯ ದಿಕ್ಕಿಗೆ ‘ಎತ್ತು-ಹುಲಿ’ ಎಂಬ ಹೆಸರಿರುವುದೇ ಇದಕ್ಕೆ ಮೂಲವೆಂಬ ವಿವರಣೆ ಪ್ರಚಲಿತವಾಗಿದೆ. ಲಮ್ ಆ ರಾಕ್ಷಸಕುಲದ ಹುಡುಗಿ. ಅವಳ ಉಡುಪು ಅವಳ ಕುಲಚಿಹ್ನೆ. ಅವಳಿಗೆ ಅದರಲ್ಲಿ ನಾಚಿಕೆಯಿಲ್ಲ. ತನ್ನನ್ನು ಕೆರಳಿಸಿದವನಿಗೆ ವಿದ್ಯುದಾಘಾತ ನೀಡುವ ಶಕ್ತಿಯೂ ಅವಳಿಗಿದೆ. ಆದರೂ ಮೊದಲ ಪ್ರಕರಣದಲ್ಲಿಯೇ ನಾಯಕ ಅತಾರು ಅವಳ ಮೇಲುಡುಪನ್ನು ಕಸಿದುಕೊಂಡು, ಅದನ್ನು ಮರಳಿ ಪಡೆಯಲು ಬಂದ ಅವಳ ಕೊಂಬು ಹಿಡಿದು ಪಂದ್ಯವನ್ನು ಗೆಲ್ಲುತ್ತಾನೆ. ಹೀಗೆ ಒಂದೇ ಉಡುಪು ಪುರಾಣದ ಗುರುತೂ ಹೌದು, ಹಾಸ್ಯದ ಯಂತ್ರವೂ ಹೌದು, ಹುಡುಗ ಓದುಗರಿಗಾಗಿ ಇಟ್ಟ ಆಕರ್ಷಣೆಯೂ ಹೌದು. ಇವುಗಳಲ್ಲಿ ಯಾವುದೊಂದನ್ನು ಕೈಬಿಟ್ಟರೂ ಪಾತ್ರದ ವಿಶ್ಲೇಷಣೆ ಪೂರ್ಣವಾಗುವುದಿಲ್ಲ.

4. ರೂಪಾಂತರದ ದೃಶ್ಯ

ನಾಗಾಯ್ ಗೋ 1973ರಲ್ಲಿ ರಚಿಸಿದ ‘ಕ್ಯೂಟಿ ಹನಿ’ಯ ನಾಯಕಿ ಯಂತ್ರಮಾನವಿ. ಗಾಳಿಯಲ್ಲಿನ ಮೂಲಧಾತುಗಳಿಂದ ಬೇಕಾದ ವಸ್ತುವನ್ನು ನಿರ್ಮಿಸುವ ಸಾಧನ ಅವಳ ಮೈಯಲ್ಲಿದೆ. ವೇಷ ಬದಲಿಸುವಾಗ ಹಳೆಯ ಉಡುಪು ಕರಗಿ ಹೊಸದು ಮೂಡುವ ನಡುವಿನ ಕ್ಷಣದಲ್ಲಿ ಅವಳು ನಗ್ನಳಾಗುತ್ತಾಳೆ. ಅದೇ ವರ್ಷ ತೋಯೇ ಸಂಸ್ಥೆ ಇದನ್ನು ಅನಿಮೆಯಾಗಿ ದೂರದರ್ಶನಕ್ಕೆ ತಂದಿತು. ಸುಮಾರು ಎರಡು ದಶಕಗಳ ಅನಂತರ ಅದೇ ಸಂಸ್ಥೆ, ತಕೆಉಚಿ ನಾವೊಕೊ ಎಂಬ ಲೇಖಕಿ ಹುಡುಗಿಯರ ಪತ್ರಿಕೆ ‘ನಕಯೋಶಿ’ಗಾಗಿ ಬರೆದ ‘ಸೇಲರ್ ಮೂನ್’ ಕೃತಿಯನ್ನು 1992ರಲ್ಲಿ ತೆರೆಗೆ ತಂದಾಗ ರೂಪಾಂತರದ ದೃಶ್ಯ ಅದರ ಪ್ರಧಾನ ಲಕ್ಷಣವಾಯಿತು. ಇಲ್ಲಿ ದೇಹ ಬೆಳಕಿನ ಆಕೃತಿಯಾಗಿ, ವಿವರಗಳಿಲ್ಲದ ಬಾಹ್ಯರೇಖೆಯಾಗಿ ಬರುತ್ತದೆ. ಅನಂತರ ಕೈಗವಸು, ಗಿಡ್ಡ ಲಂಗ, ರಿಬ್ಬನ್ನುಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. 1920ರ ದಶಕದ ಆರಂಭದಿಂದ ಜಪಾನಿನ ಹೆಣ್ಣುಮಕ್ಕಳ ಶಾಲೆಗಳಿಗೆ ಬಂದ, ಮೂಲತಃ ನಾವಿಕರದಾದ ಕೊರಳುಪಟ್ಟಿಯ ಸಮವಸ್ತ್ರವೇ ಈ ಯೋಧವೇಷದ ಆಧಾರ. ಶಿಸ್ತಿನ ಗುರುತಾಗಿದ್ದ ಉಡುಪು ಇಲ್ಲಿ ಶಕ್ತಿಯ ಗುರುತಾಗಿ ಪರಿವರ್ತಿತವಾಗಿದೆ.

ಹುಡುಗಿಯರಿಗೆ ಈ ದೃಶ್ಯ ತಾವೂ ಬೇರೆಯವರಾಗಬಹುದೆಂಬ ಆಸೆಯ ರೂಪವಾಗಿತ್ತು. ಅದೇ ದೃಶ್ಯವನ್ನು ವಯಸ್ಕ ಪುರುಷರು ಬೇರೆ ಆಸಕ್ತಿಯಿಂದ ನೋಡಿದ್ದೂ ಉಂಟು. ಲಾರಾ ಮಲ್ವಿ 1975ರಲ್ಲಿ ಹಾಲಿವುಡ್ ಸಿನಿಮಾವನ್ನು ಆಧರಿಸಿ ಮಂಡಿಸಿದ ‘ಪುರುಷನೋಟ’ದ ಪರಿಕಲ್ಪನೆ ಇಲ್ಲಿ ಉಪಯುಕ್ತ. ಆದರೆ ಅದನ್ನು ಯಥಾವತ್ತಾಗಿ ಅನ್ವಯಿಸಲಾಗದು. ನೋಟವು ಉಡುಪಿನ ಅಳತೆಯಲ್ಲಿ ಅಡಗಿಲ್ಲ; ಚೌಕಟ್ಟಿನಲ್ಲಿ ಅಡಗಿದೆ. ಮುಖವನ್ನು ಬಿಟ್ಟು ದೇಹದ ಒಂದು ಭಾಗವನ್ನು ಮಾತ್ರ ಕತ್ತರಿಸಿ ತೋರಿಸುವ ಚೌಕಟ್ಟು ಪಾತ್ರವನ್ನು ವಸ್ತುವಾಗಿಸುತ್ತದೆ. ಪಾತ್ರದ ಕ್ರಿಯೆಯನ್ನು ಅನುಸರಿಸುವ ಚೌಕಟ್ಟು ಅದೇ ಉಡುಪಿನಲ್ಲಿಯೂ ಅವಳ ಕರ್ತೃತ್ವವನ್ನು ಉಳಿಸಬಲ್ಲದು.

5. ‘ಸೇವೆ’ಯ ತರ್ಕ ಮತ್ತು ಔಚಿತ್ಯ

ಕಥೆಗೆ ಸಂಬಂಧವಿಲ್ಲದೆ ಪ್ರೇಕ್ಷಕರ ಮೆಚ್ಚುಗೆಗಾಗಿ ಸೇರಿಸುವ ಅಂಶಗಳಿಗೆ ‘ಫ್ಯಾನ್ ಸರ್ವಿಸ್’ ಎಂಬ ಹೆಸರಿದೆ. ಆನ್ನೊ ಹಿದೆಯಾಕಿಯ ‘ಇವಾಂಗೆಲಿಯನ್’ (1995) ಸರಣಿಯಲ್ಲಿ ಮುಂದಿನ ಕಂತಿನ ಮುನ್ನೋಟವನ್ನು ಹೇಳುವ ಪಾತ್ರವೇ ಇಂಥ ‘ಸೇವೆ’ಯ ಭರವಸೆ ಕೊಡುತ್ತದೆ. ಅಂದರೆ ಪ್ರದರ್ಶನವು ಕರ್ತೃವಿಗೂ ಪ್ರೇಕ್ಷಕನಿಗೂ ನಡುವಿನ ಬಹಿರಂಗ ಒಪ್ಪಂದವಾಗಿದೆ. ಈ ಒಪ್ಪಂದದಲ್ಲಿ ಪಾತ್ರಕ್ಕೆ ಮಾತ್ರ ಪಾಲಿಲ್ಲ. ಅಜುಮಾ ಹಿರೊಕಿ 2001ರ ತನ್ನ ಗ್ರಂಥದಲ್ಲಿ ಇದರ ಮುಂದಿನ ಹಂತವನ್ನು ಗುರುತಿಸಿದ್ದಾನೆ. ಬೆಕ್ಕಿನ ಕಿವಿ, ಸೇವಕಿಯ ಉಡುಪು ಮುಂತಾದವು ದತ್ತಸಂಚಯದೊಳಗಿನ ಬಿಡಿ ಅಂಶಗಳಾಗಿ, ಬೇಕೆಂದಾಗ ಆಯ್ದು ಜೋಡಿಸಬಹುದಾದ ಸಾಮಗ್ರಿಯಾಗುತ್ತವೆ ಎಂಬುದು ಅವನ ಪ್ರತಿಪಾದನೆ. ಲಮ್‌ಳ ಹುಲಿಪಟ್ಟೆಗೆ ಒಂದು ಪುರಾಣವಿತ್ತು. ಸಂಚಯದಿಂದ ಎತ್ತಿಕೊಂಡ ಉಡುಪಿಗೆ ಅಂಥ ಪೂರ್ವಕಥೆ ಬೇಕಾಗಿಲ್ಲ.

11ನೆಯ ಶತಮಾನದ ಕ್ಷೇಮೇಂದ್ರ ಪ್ರತಿಪಾದಿಸಿದ ಔಚಿತ್ಯದ ಪರಿಕಲ್ಪನೆ ಈ ಸಂದರ್ಭದಲ್ಲಿ ನೆನಪಿಗೆ ಬರುವುದು ಸಹಜ. ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟರೆ ಹಾಸ್ಯಾಸ್ಪದವಾಗುವುದೆಂಬ ಅವನ ನಿದರ್ಶನವು ಆಭರಣವನ್ನು ಕುರಿತದ್ದೇ ಆಗಿದೆ. ಆಭರಣ ಕೆಟ್ಟದ್ದಲ್ಲ, ಅದರ ಸ್ಥಾನ ಕೆಟ್ಟದ್ದು. ಯುದ್ಧಭೂಮಿಯಲ್ಲಿ ಪುರುಷರು ಪೂರ್ಣ ಕವಚ ತೊಟ್ಟಿರುವಾಗ ಯೋಧೆಯೊಬ್ಬಳ ಹೊಟ್ಟೆ ಮತ್ತು ತೊಡೆಗಳು ಮಾತ್ರ ಬರಿದಾಗಿದ್ದರೆ ಅದು ಮೊದಲಿಗೆ ಔಚಿತ್ಯಭಂಗ. ನೀತಿಯ ಪ್ರಶ್ನೆ ಅನಂತರದ್ದು.

ಅನೌಚಿತ್ಯದ ಆರೋಪಕ್ಕೆ ಕೃತಿಯೊಳಗೇ ಉತ್ತರ ಕೊಟ್ಟ ಪ್ರಯತ್ನವೂ ಇದೆ. ಇಮೈಶಿ ಹಿರೊಯುಕಿ ನಿರ್ದೇಶಿಸಿದ ‘ಕಿಲ್ ಲಾ ಕಿಲ್’ (2013) ಅನಿಮೆಯಲ್ಲಿ ಉಡುಪೇ ಕಥಾವಸ್ತು. ಜಪಾನೀ ಭಾಷೆಯಲ್ಲಿ ‘ಸೇಫುಕು’ ಎಂಬ ಒಂದೇ ಉಚ್ಚಾರಣೆಗೆ ಸಮವಸ್ತ್ರ ಮತ್ತು ದಂಡಯಾತ್ರೆಯ ಗೆಲುವು ಎಂಬ ಎರಡು ಅರ್ಥಗಳಿವೆ. ಇಡೀ ಕೃತಿ ಈ ಶ್ಲೇಷೆಯ ಮೇಲೆ ನಿಂತಿದೆ. ನಾಯಕಿ ರ‍್ಯೂಕೊ ತನ್ನ ಯುದ್ಧದುಡುಪು ಮೈ ತೋರಿಸುವುದಕ್ಕೆ ಮೊದಲು ನಾಚುತ್ತಾಳೆ. ನಾಚಿಕೆಯನ್ನು ತೊರೆದಾಗಲೇ ಅವಳಿಗೆ ಪೂರ್ಣ ಶಕ್ತಿ ದೊರಕುತ್ತದೆ. ಇಲ್ಲಿ ಉಡುಪಿಗೂ ಕಥೆಗೂ ಇರುವ ಸಂಬಂಧ ಗಟ್ಟಿಯಾದದ್ದು. ಆದರೆ ನಾಚಿಕೆ ಬಿಡುವ ಹೊಣೆ ನೋಡಲ್ಪಡುವವಳದಾಯಿತೇ ಹೊರತು ನೋಡುವವರದಾಗಲಿಲ್ಲ. ವಿಡಂಬನೆಗೆ ಗುರಿಯಾದ ದೃಶ್ಯವನ್ನೇ ಕೃತಿ ಹೇರಳವಾಗಿ ಒದಗಿಸುತ್ತದೆ. ಔಚಿತ್ಯದ ಪರೀಕ್ಷೆಯಲ್ಲಿ ಗೆದ್ದ ಕೃತಿಯೂ ಇನ್ನೊಂದು ಪ್ರಶ್ನೆಯನ್ನು ಉಳಿಸಿಬಿಡಬಹುದು ಎಂಬುದಕ್ಕೆ ಇದು ನಿದರ್ಶನ.

6. ಹಾಳೆಯ ಆಚೆಗೆ

ಆ ಇನ್ನೊಂದು ಪ್ರಶ್ನೆ ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಮಿಯೆ ಪ್ರಾಂತದ ಶಿಮಾ ನಗರದಲ್ಲಿ. ಉಸಿರು ಬಿಗಿಹಿಡಿದು ಕಡಲಿಗೆ ಧುಮುಕಿ ಚಿಪ್ಪುಜೀವಿಗಳನ್ನು ಸಂಗ್ರಹಿಸುವ ‘ಆಮಾ’ ಸ್ತ್ರೀಯರ ವೃತ್ತಿಗೆ ಅದು ಹೆಸರಾದ ಪ್ರದೇಶ. ಆಮಾ ಹುಡುಗಿಯನ್ನು ಮಾಂಗಾ ಶೈಲಿಯಲ್ಲಿ ಚಿತ್ರಿಸಿದ ‘ಆಓಶಿಮಾ ಮೆಗು’ ಎಂಬ ಪಾತ್ರಕ್ಕೆ 2014ರಲ್ಲಿ ನಗರಾಡಳಿತ ಅಧಿಕೃತ ಮನ್ನಣೆ ನೀಡಿತು. ಮೈಗಂಟಿದ ಬಿಳಿಯುಡುಪು, ಸರಿದ ಸೆರಗಂಚಿನಿಂದ ಕಾಣುವ ತೊಡೆ ಇವು ಆ ಚಿತ್ರದ ಲಕ್ಷಣಗಳು. 2015ರಲ್ಲಿ ಆಮಾ ಸ್ತ್ರೀಯರನ್ನೂ ಒಳಗೊಂಡಂತೆ ಹಲವರು ಸಹಿಮಾಡಿ ವಿರೋಧಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಮನ್ನಣೆ ರದ್ದಾಯಿತು. ಬಿಳಿಯುಡುಪು ತೊಟ್ಟು ತಣ್ಣೀರಿಗಿಳಿಯುವ ದುಡಿಮೆಗಾರರು ಅಲ್ಲಿ ನಿಜವಾಗಿಯೂ ಇದ್ದರು. ಚಿತ್ರ ಅವರ ಹೆಸರಿನಲ್ಲಿ ನಿಂತಿತ್ತು. ಆದರೆ ಅವರ ದುಡಿಮೆ ಆ ಚಿತ್ರದಲ್ಲಿರಲಿಲ್ಲ.

2019ರಲ್ಲಿ ಜಪಾನಿನ ರೆಡ್ ಕ್ರಾಸ್ ರಕ್ತದಾನದ ಪ್ರಚಾರಕ್ಕೆ ಮಾಂಗಾದ ಯುವತಿಯೊಬ್ಬಳ ಚಿತ್ರವನ್ನು ಬಳಸಿದಾಗಲೂ ವಿವಾದವೆದ್ದಿತು. ಆ ಪಾತ್ರದ ಅಂಗಿ ಮೈಯನ್ನು ಮುಚ್ಚಿಯೇ ಇತ್ತು. ಆಕ್ಷೇಪವಿದ್ದದ್ದು ಎದೆಯನ್ನು ಒತ್ತಿ ತೋರಿಸಿದ ಚಿತ್ರಣದ ಬಗ್ಗೆ. ಈ ಎರಡು ಪ್ರಸಂಗಗಳಿಂದ ಒಂದು ತಾತ್ತ್ವಿಕ ಅಂಶ ಹೊರಡುತ್ತದೆ. ಚಿತ್ರದಲ್ಲಿ ಮೈಯೂ ಬಟ್ಟೆಯೂ ಒಂದೇ ಶಾಯಿಯ ಗೆರೆಗಳು. ಛಾಯಾಚಿತ್ರದಲ್ಲಿ ಗಾಳಿ ಸೆರಗನ್ನು ಸರಿಸಬಹುದು. ಮಾಂಗಾದಲ್ಲಿ ಗಾಳಿಯನ್ನೂ ಯಾರೋ ಬರೆಯಬೇಕು. ಆದ್ದರಿಂದ ಇಲ್ಲಿ ಆಕಸ್ಮಿಕವೆಂಬುದಿಲ್ಲ. ಪ್ರತಿಯೊಂದು ಮಡಿಕೆಯೂ ಒಂದು ನಿರ್ಧಾರ. ‘ಗೆರೆಗಳಷ್ಟೇ’ ಎಂಬ ಸಮರ್ಥನೆಯು ಹೊಣೆಯನ್ನು ಕಡಿಮೆಮಾಡುವ ಬದಲು ಹೆಚ್ಚಿಸುತ್ತದೆ.

ಹಾಗೆಂದು ನಿಷೇಧವೇ ಪರಿಹಾರವೆಂಬ ತೀರ್ಮಾನ ತಾನಾಗಿ ಬರುವುದಿಲ್ಲ. ಹದಿನೆಂಟು ವರ್ಷದೊಳಗಿನ ಪಾತ್ರಗಳ ಲೈಂಗಿಕ ಚಿತ್ರಣವನ್ನು ನಿಯಂತ್ರಿಸಲು ತೋಕಿಯೊ ಆಡಳಿತ 2010ರಲ್ಲಿ ನಿಯಮವನ್ನು ತಿದ್ದಲು ಹೊರಟಾಗ, ಶೋಜೊ ಮಾಂಗಾದ ಹಿರಿಯ ಲೇಖಕಿಯರಾದ ಸತೊನಕಾ ಮಚಿಕೊ ಮತ್ತು ತಕೆಮಿಯಾ ಕೇಕೊ ನಾಗಾಯ್ ಗೋ ಜೊತೆ ನಿಂತು ವಿರೋಧಿಸಿದರು. ಮೊದಲ ಮಸೂದೆ ಬಿದ್ದುಹೋಗಿ, ಆ ವರ್ಷದ ಡಿಸೆಂಬರಿನಲ್ಲಿ ಬದಲಾದ ರೂಪ ಅಂಗೀಕಾರವಾಯಿತು. ಸ್ತ್ರೀಯರು ಕಷ್ಟಪಟ್ಟು ಗಳಿಸಿದ ಅಭಿವ್ಯಕ್ತಿಯ ಅವಕಾಶವೂ ಅದೇ ಕತ್ತರಿಗೆ ಸಿಕ್ಕೀತೆಂಬ ಆತಂಕ ನಿರಾಧಾರವಾದದ್ದಲ್ಲ. ಆದರೆ ಆಕರ್ಷಣೆಗಾಗಿ ಅನಾವರಣಗೊಳ್ಳುವ ಪಾತ್ರಗಳಲ್ಲಿ ಅನೇಕರು ಶಾಲಾಬಾಲಕಿಯರೆಂಬ ಸಂಗತಿಯೂ ಹಾಗೆಯೇ ಉಳಿಯುತ್ತದೆ. ಜಪಾನು 2014ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನೂ ಅಪರಾಧವಾಗಿಸಿದಾಗ ಮಾಂಗಾ ಮತ್ತು ಅನಿಮೆಗಳು ಅದರ ವ್ಯಾಪ್ತಿಯ ಹೊರಗುಳಿದವು. ಕಾನೂನು ಬಿಟ್ಟ ಆ ಜಾಗದಲ್ಲಿ ವಿಮರ್ಶೆಯ ಕರ್ತವ್ಯ ಹೆಚ್ಚಾಗುತ್ತದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಮಾನದಂಡಗಳು ಅಗತ್ಯವೆಂದು ತಿಳಿಯುತ್ತದೆ. ಉಡುಪು ಪಾತ್ರದ ಕ್ರಿಯೆ, ಕುಲ, ಕಾಲಗಳಿಗೆ ಹೊಂದುತ್ತದೆಯೇ ಎಂಬುದು ಮೊದಲನೆಯದು. ಇದು ಔಚಿತ್ಯದ ಪ್ರಶ್ನೆ. ಕೃತಿಯೊಳಗೇ ಉತ್ತರ ದೊರೆಯುತ್ತದೆ. ಆ ಚಿತ್ರ ಯಾರ ಹೆಸರಿನಲ್ಲಿ ನಿಂತಿದೆ, ಅವರಿಗೆ ಅದರಲ್ಲಿ ಮಾತಿದೆಯೇ ಎಂಬುದು ಎರಡನೆಯದು. ಇದು ಪ್ರಾತಿನಿಧ್ಯದ ಪ್ರಶ್ನೆ. ಇದಕ್ಕೆ ಉತ್ತರ ಕೃತಿಯ ಹೊರಗೂ ಹೋಗಿ ಹುಡುಕಬೇಕಾದದ್ದು. ಮೊದಲನೆಯದನ್ನು ಮಾತ್ರ ಹಿಡಿದ ವಿಮರ್ಶೆ ಶಿಮಾದ ಆಮಾ ಸ್ತ್ರೀಯರ ಸಿಟ್ಟನ್ನು ಅರ್ಥಮಾಡಿಕೊಳ್ಳಲಾರದು. ಎರಡನೆಯದನ್ನು ಮಾತ್ರ ಹಿಡಿದ ವಿಮರ್ಶೆ ಲಮ್‌ಳಂಥ ಸಂಕೀರ್ಣ ಪಾತ್ರವನ್ನು ಓದಲಾರದು. ಬಟ್ಟೆಯ ಉದ್ದವನ್ನು ಅಳೆಯುವ ಅಭ್ಯಾಸವನ್ನು ಬಿಟ್ಟು, ಆ ಬಟ್ಟೆಯನ್ನು ಬರೆದ ಕೈಯನ್ನೂ ಅದನ್ನು ನೋಡುವ ಕಣ್ಣನ್ನೂ ಒಟ್ಟಾಗಿ ಪರಿಶೀಲಿಸುವುದು ಈ ಕ್ಷೇತ್ರದ ಮುಂದಿನ ಅಧ್ಯಯನಗಳು ಕೈಗೊಳ್ಳಬೇಕಾದ ಕೆಲಸ.