ಪೆನ್ನು ತೆಗೆಯುವ ಮೊದಲು ಉಸಿರು ಎಣಿಸು

ತಮ್ಮಾ, ಬೀದರ್ ಜಿಲ್ಲೆಯ ಬೇಮಳಖೇಡದ ಸರ್ಕಾರಿ ದವಾಖಾನಿಗೆ ವೈದ್ಯನಾಗಿ ಹೊರಟಿದ್ದೀ. ಮಳೆಗಾಲ ಹಿಡಿಯಿತೆಂದರೆ ಓಪಿಡಿ ಸಾಲು ಬಾಗಿಲು ದಾಟುತ್ತದೆ. ಕೂಲಿ ಬಿಟ್ಟು ಬಂದ ತಾಯಿ, "ಸಾಹೇಬ್ರ, ಜಲ್ದಿ ಕಡಿಮಿ ಆಗೋ ಪವರ್ ಗುಳಿಗಿ ಕೊಡ್ರಿ, ಇಲ್ಲಾಂದ್ರ ಒಂದು ಸೂಜಿ ಮಾಡ್ರಿ" ಅನ್ನುತ್ತಾಳೆ. ಆಕೆಯ ಅವಸರ ಸುಳ್ಳಲ್ಲ. ಅಜಿಥ್ರೋಮೈಸಿನ್ ಬರೆದು ಕಳಿಸಲು ಅರೆಗಳಿಗೆ ಸಾಕು, ಬೇಡವೆಂದು ತಿಳಿಹೇಳಲು ಸಮಯ ಬೇಕು. ಆ ಸಮಯ ಕೊಡು.

ಕೆಮ್ಮಿನ ಕೂಸು ಬಂದರೆ ಅಂಗಿ ಎತ್ತಿಸಿ ಎದೆ ನೋಡು. ಗಡಿಯಾರ ಹಿಡಿದು ಇಡೀ ಒಂದು ನಿಮಿಷ ಉಸಿರು ಎಣಿಸು. ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ 50, ವರ್ಷದಿಂದ ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ನ್ಯುಮೋನಿಯಾ ಎಂದೇ ಹಿಡಿ. ಆಗ ಹಿಂದೆಮುಂದೆ ನೋಡಬೇಡ. ತೂಕಕ್ಕೆ ತಕ್ಕಷ್ಟು ಅಮಾಕ್ಸಿಸಿಲಿನ್ ಕೊಡು. ಹಾಲೇ ಕುಡಿಯದೆ ಮಂಪರಿನಲ್ಲಿದ್ದರೆ ಮೊದಲ ಡೋಸ್ ಸೂಜಿಯಲ್ಲಿ ಕೊಟ್ಟು ಹುಮನಾಬಾದಿಗೋ ಬೀದರಿಗೋ ಕಳಿಸು. ಉಸಿರು ಸರಿಯಿದ್ದು ಬರೀ ಮೂಗು ಸೋರುತ್ತಿದ್ದರೆ ಅದು ವೈರಸ್. ಅದಕ್ಕೆ ಯಾವ ಆಂಟಿಬಯಾಟಿಕ್ಕೂ ನಾಟದು. ಮಕ್ಕಳ ನೀರುಭೇದಿಗೆ ಓಆರ್‌ಎಸ್, ಜೊತೆಗೆ 14 ದಿನ ಜಿಂಕ್. ರಕ್ತ ಬಿದ್ದರೆ, ಕಾಲರಾ ಅನುಮಾನ ಬಂದರೆ ಮಾತು ಬೇರೆ.

ಜ್ವರವೆಂದರೆ ಒಂದು ವಿಡಾಲ್ ಚೀಟಿ ನೋಡಿ ಟೈಫಾಯ್ಡ್ ಎನ್ನುವ ರೂಢಿ ನಮ್ಮ ಕಡೆ ಬಹಳ. ಅದನ್ನು ನೀನು ಕಲಿಯಬೇಡ. ಟೈಫಾಯ್ಡಿಗೆ ಒಂದು ಕಾಲದಲ್ಲಿ ನೆಚ್ಚಿಕೊಂಡಿದ್ದ ಸಿಪ್ರೋಫ್ಲಾಕ್ಸಾಸಿನ್ ಇವತ್ತು ನಮ್ಮ ದೇಶದಲ್ಲಿ ಬಹುಪಾಲು ಕೆಲಸಕ್ಕೆ ಬಾರದು. ಅದನ್ನು ಸವೆಸಿದ್ದು ಇಂಥ ಚೀಟಿಗಳೇ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಅಮಾಕ್ಸಿಸಿಲಿನ್ ಮೊದಲು ಬಳಸುವ ಗುಂಪಿನದು. ನೆಗಡಿಗೂ ನಾವು ಬರೆಯುವ ಅಜಿಥ್ರೋಮೈಸಿನ್, ಸೆಫಿಕ್ಸಿಮ್ ಎರಡೂ ನಿಗಾ ಇಟ್ಟು ಬಳಸಬೇಕಾದವು. ಇದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಆಂಟಿಬಯಾಟಿಕ್ ಬರೆದರೆ ಪಕ್ಕದಲ್ಲೇ ಕಾರಣವನ್ನೂ ಬರೆ ಎಂದು 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವೈದ್ಯರನ್ನು ಕೇಳಿಕೊಂಡಿತು. ಒಳ್ಳೆಯ ಮಾತು, ಪಾಲಿಸು. ಕಾರಣದ ಜಾಗ ಖಾಲಿ ಉಳಿದರೆ ಆ ಔಷಧ ಹೊಡೆದುಹಾಕು.

ಬರೀಗೈಲಿ ಮಾತ್ರ ಯಾರನ್ನೂ ಕಳಿಸಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡು. ಉಸಿರು ಜೋರಾದರೆ, ಹಾಲು ಬಿಟ್ಟರೆ ರಾತ್ರಿಯಾದರೂ ಬಾ ಎಂದು ತಾಯಿಗೆ ಕನ್ನಡವೋ ಉರ್ದುವೋ ತೆಲುಗೋ, ಆಕೆಯ ಮನೆಮಾತಿನಲ್ಲೇ ಹೇಳಿ, ಹೇಳಿದ್ದನ್ನು ಆಕೆಯಿಂದಲೇ ಮತ್ತೊಮ್ಮೆ ಹೇಳಿಸು. ಆಶಾ ಕಾರ್ಯಕರ್ತೆಗೆ ಕೂಸಿನ ಹೆಸರು ಕೊಟ್ಟು, ಎರಡು ದಿನ ಬಿಟ್ಟು ಮನೆಗೆ ಹೋಗಿ ನೋಡಿಬರಲು ಹೇಳು.