ದುಡಿಸುವವನ ಕಾಯಕ

ಕಾಯಕವೆಂದೊಡನೆ ಅದು ದುಡಿಯುವವನ ಧರ್ಮವೆಂದಷ್ಟೇ ಅನೇಕರು ಭಾವಿಸುವರು. ದುಡಿಸುವವನಿಗೂ ಕಾಯಕವುಂಟು, ಅದರ ಪರೀಕ್ಷೆ ಕಷ್ಟಕಾಲದಲ್ಲಿಯೇ.

2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಆದಾಗ, ಸೋಲದೇವನಹಳ್ಳಿಗೆ ದೂರವಲ್ಲದ ಪೀಣ್ಯದಲ್ಲಿ ಬಹುತೇಕ ಯಂತ್ರಗಳು ನಿಂತವು. ಹೊರನಾಡಿನ ಕಾರ್ಮಿಕರು ಊರಿಗೆ ಹೊರಟರು. ಸಾಲದ ಕಂತುಗಳಿಗೆ ರಿಸರ್ವ್ ಬ್ಯಾಂಕು ಮೊದಲು ಮೂರು ತಿಂಗಳ, ಅನಂತರ ಆಗಸ್ಟ್ 31ರವರೆಗಿನ ಬಿಡುವಿಗೆ ಅವಕಾಶವಿತ್ತಿತು. ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಬಿಡುವು ಬೇರೆ, ಬಿಡುಗಡೆ ಬೇರೆ.

ಇಲ್ಲಿ ಆಯ್ದಕ್ಕಿ ದಂಪತಿಗಳ ವೃತ್ತಾಂತವು ವಿಚಾರಾರ್ಹವಾದುದು. ಮಾರಯ್ಯನವರು ನಿತ್ಯದ ಅಳತೆ ಮೀರಿ ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದುಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿದರು. ಹಾಗಾದರೆ ವ್ಯಾಪಾರಿಯು ನಾಳೆಗೆಂದು ಏನನ್ನೂ ಇಡಬಾರದೆ? ಶಂಕೆ ಸಹಜವೇ. ಆದರೆ ಮಾರಯ್ಯನವರ ಮೇಲೆ ಪರರ ಕೂಲಿಯ ಋಣವಿರಲಿಲ್ಲ. ಹತ್ತು ಮನೆಗಳ ಒಲೆ ತನ್ನನ್ನೇ ನಂಬಿರುವಾಗ ಯಜಮಾನನು ಮೂರು ತಿಂಗಳ ಕೂಲಿಯನ್ನು ಬೇರೆಯಿರಿಸಿದರೆ, ಅದನ್ನು ಸಂಗ್ರಹಬುದ್ಧಿಯೆನ್ನಲಾಗದು. ಅದು ದಾಸೋಹದ ಪೂರ್ವಸಿದ್ಧತೆ. ಅದೇ ಹಣವನ್ನು ಎರಡನೆಯ ನಿವೇಶನಕ್ಕೆ ತೊಡಗಿಸಿದನೋ, ಅದು ಲಕ್ಕಮ್ಮನವರು ಹಿಂದಿರುಗಿಸಿದ ಅಕ್ಕಿಯೇ ಸರಿ.

ಮತ್ತೊಂದನ್ನು ಗೃಹಸ್ಥರು ಗಮನಿಸಬೇಕು. ಸತಿಯ ಮಾತಿಗೆ ಮಾರಯ್ಯನವರು ಮರುದಾರಿ ಹಿಡಿದರು. ನಮ್ಮ ಯಜಮಾನರಲ್ಲಿ ಹಲವರು ಸಾಲದ ಮೊತ್ತವನ್ನೇ ಮನೆಯಲ್ಲಿ ಹೇಳರು! ಕಾರ್ಖಾನೆಯ ಜಮಾಖರ್ಚನ್ನು ತಿಂಗಳಿಗೊಮ್ಮೆ ಮಡದಿಯ ಮುಂದೆಯೂ ಓದಿ ನೋಡಲಿ. ಯಾವ ವೆಚ್ಚ ಮೊದಲು ನಿಲ್ಲಬೇಕೆಂಬುದು ಆಕೆಗೆ ತಿಳಿದಿರುತ್ತದೆ. ಕೂಲಿಗೆ ಕೈಯಿಡುವುದು ಆಮೇಲಿನ ಮಾತು.