ಹಾಸುಹೊಕ್ಕಿಲ್ಲದ ಬಟ್ಟೆ

ಸತ್ಯಮಂಗಲದಿಂದ ಹೊರಟು ದಿಂಬಂ ಘಟ್ಟದ 27 ತಿರುವುಗಳನ್ನೇರಿದ ಬಳಿಕ ಬೆಟ್ಟಗಳ ನಡುವೆ ತಾಳವಾಡಿಯ ಬಯಲು ತೆರೆದುಕೊಳ್ಳುತ್ತದೆ. ಆಡಳಿತದಲ್ಲಿ ಇದು ತಮಿಳುನಾಡಿನ ಈರೋಡು ಜಿಲ್ಲೆ. ಬಹುಪಾಲು ಜನರ ಮನೆಮಾತು ಕನ್ನಡ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲಿಯೇ ಉಳಿದ ಈ ಸೀಮೆ ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿದ್ದು, 1979ರಲ್ಲಿ ಅದು ಒಡೆದಾಗ ಈಗಿನ ಜಿಲ್ಲೆಗೆ ಸೇರಿತು. ರಾಜಕುಮಾರರ ಹುಟ್ಟೂರಾದ ಗಾಜನೂರು ಇಲ್ಲಿಯದೇ. ಸರಕಾರದ ಆದೇಶ ತಮಿಳಿನಲ್ಲಿ ಬರುತ್ತದೆ, ಅದರ ಅರ್ಥ ಕನ್ನಡದಲ್ಲಿ ಆಗಬೇಕಾಗುತ್ತದೆ. ಹೀಗಾಗಿ ಪರಿಭಾಷೆಯ ಪ್ರಶ್ನೆ ಇಲ್ಲಿ ತರಗತಿಗೆ ಮಾತ್ರ ಸಂಬಂಧಿಸಿದ್ದಲ್ಲ, ಅಂಗಡಿಯ ಕಟ್ಟೆಗೂ ಸಂಬಂಧಿಸಿದ್ದು.

ಒಂದು ಸಣ್ಣ ಉದಾಹರಣೆ ಸಾಕು. ಜವಳಿ ಅಂಗಡಿಯಲ್ಲಿಯೂ ಮದುವೆಮನೆಯಲ್ಲಿಯೂ ಕೊಡುವ, ಮುಟ್ಟಲು ಮೆದುವಾದ, ಮೈಮೇಲೆ ಚುಕ್ಕಿಚುಕ್ಕಿ ಒತ್ತುಗಳಿರುವ ಬಣ್ಣದ ಕೈಚೀಲವನ್ನು ಘಟ್ಟದ ಮೇಲೂ ಕೆಳಗೂ ಜನರು ‘ಬಟ್ಟೆ ಚೀಲ’ ಎನ್ನುತ್ತಾರೆ. ತಮಿಳುನಾಡು ಸರಕಾರ 2018ರ ಜೂನ್‌ನಲ್ಲಿ ಹೊರಡಿಸಿ, 2019ರ ಜನವರಿ 1ರಿಂದ ಜಾರಿಗೆ ತಂದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ 14 ಬಗೆಯ ವಸ್ತುಗಳಿವೆ. ಲೋಟ, ತಟ್ಟೆ, ನೀರಿನ ಪೊಟ್ಟಣಗಳ ಸಾಲಿನಲ್ಲಿಯೇ ‘ನಾನ್‌ವೋವನ್’ ಕೈಚೀಲವೂ ಒಂದು. ಜನರ ಬಾಯಲ್ಲಿ ಬಟ್ಟೆಯಾದದ್ದು ಕಾನೂನಿನ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ನೆಂಟನಾಗಿದೆ. ಈ ಎರಡರಲ್ಲಿ ಯಾವುದು ಸರಿ? ಉತ್ತರಕ್ಕಾಗಿ ಆ ಚೀಲ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿಯಬೇಕು. ತಿಳಿಯುವುದಕ್ಕೆ ಕನ್ನಡದಲ್ಲಿ ಬೇಕಾದ ಮಾತುಗಳಿವೆಯೇ ಎಂಬುದನ್ನೂ ನೋಡಬೇಕು.

‘ನಾನ್‌ವೋವನ್’ ಎಂಬುದನ್ನು ಕನ್ನಡದಲ್ಲಿ ‘ನೇಯದ ಬಟ್ಟೆ’ ಎನ್ನಬಹುದು. ತಮಿಳಿನವರೂ ‘ನೆಯ್ಯಪ್ಪಡಾದ ತುಣಿ’ ಎನ್ನುತ್ತಾರೆ; ನೇಯು, ನೆಯ್ ಎರಡೂ ಒಂದೇ ದ್ರಾವಿಡ ಧಾತುವಿನ ಕವಲುಗಳು. ಆದರೆ ತಮಿಳಿನ ಮಾತಿನಲ್ಲಿ ಕರ್ಮಣಿಯ ಗುರುತು ಸೇರಿದೆ, ಕನ್ನಡದ ಮಾತಿನಲ್ಲಿ ಇಲ್ಲ. ‘ನೇಯದ’ ಎಂಬುದು ನಿಷೇಧ ಕೃದಂತ. ‘ಬಟ್ಟೆ’ಯೊಡನೆ ಕೂಡಿದಾಗ ಗಮಕ ಸಮಾಸ. ‘ಅವನು ನೇಯದ ಬಟ್ಟೆ’ ಎಂದರೆ ಬೇರೊಬ್ಬನು ನೇಯ್ದದ್ದು ಎಂದೂ, ‘ಇನ್ನೂ ನೇಯದ ಬಟ್ಟೆ’ ಎಂದರೆ ಮುಂದೆ ನೇಯಬೇಕಾದದ್ದು ಎಂದೂ ಅರ್ಥವಾಗುತ್ತದೆ. ಎಂದಿಗೂ ನೇಯಲಾಗದ, ನೇಯ್ಗೆಯ ಅಗತ್ಯವೇ ಇಲ್ಲದ ಬಟ್ಟೆ ಎಂಬ ಅರ್ಥ ಆ ಪದದಿಂದ ತಾನಾಗಿ ಹೊಮ್ಮುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಹೆಸರು ವಸ್ತುವಿಗೆ ಏನು ಮಾಡಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ, ಏನು ಮಾಡಿದೆ ಎಂಬುದನ್ನು ಹೇಳುವುದಿಲ್ಲ.

ಮಾಡದಿರುವುದು ಏನೆಂಬುದು ಈರೋಡು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಭವಾನಿಯ ಜಮಖಾನ, ಚೆನ್ನಿಮಲೆಯ ಹೊದಿಕೆ ಮಗ್ಗದಿಂದ ಬಂದವು. ಕೊಂಗುನಾಡಿನ ಬಯಲಿನಲ್ಲಿ ತಲೆಮಾರುಗಳಿಂದ ನೆಲೆಸಿದ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ. ಮಗ್ಗದ ಉದ್ದಕ್ಕೆ ಬಿಗಿದ ಎಳೆ ಹಾಸು; ಲಾಳಿಯೊಡನೆ ಅಡ್ಡಲಾಗಿ ನುಗ್ಗುವ ಎಳೆ ಹೊಕ್ಕು. ಹಳಗನ್ನಡದ ಪಾಸು ಹೊಸಗನ್ನಡದಲ್ಲಿ ಹಾಸು ಆಯಿತು. ತಮಿಳಿನ ನೇಕಾರರು ಈಗಲೂ ಆ ಎಳೆಯನ್ನು ಪಾವು ಎನ್ನುತ್ತಾರೆ. ಹೊಕ್ಕು ಎಂಬುದು ಪುಗು ಧಾತುವಿನಿಂದ, ಎಂದರೆ ಒಳಗೆ ಹೋಗು ಎಂಬುದರಿಂದ ಬಂದಿದೆ. ವಿಮರ್ಶೆಯ ಬರಹಗಳಲ್ಲಿ ‘ಹಾಸುಹೊಕ್ಕಾಗಿದೆ’ ಎಂದು ಧಾರಾಳವಾಗಿ ಬರೆಯುವವರಲ್ಲಿ ಎಷ್ಟು ಮಂದಿಗೆ ಮಗ್ಗ ನೆನಪಾಗುತ್ತದೆಯೋ!

ನೇಯ್ಗೆಗೆ ಮೊದಲು ನೂಲು ಬೇಕು, ನೂಲಿಗೆ ಮೊದಲು ಹತ್ತಿಯನ್ನು ಹಿಂಜಬೇಕು, ಹಂಜಿ ಮಾಡಬೇಕು. ನೇಯದ ಬಟ್ಟೆಯ ವಿಧಾನವೆಂದರೆ ನೂಲನ್ನೂ ಮಗ್ಗವನ್ನೂ ಬಿಟ್ಟು ನಾರಿನಿಂದ ನೇರವಾಗಿ ಬಟ್ಟೆಗೆ ಹೋಗುವುದು. ಅದರಲ್ಲಿ ಎರಡು ಹಂತಗಳು: ನಾರನ್ನು ತೆಳುವಾಗಿ ಹರಡಿ ಹಾಸುವುದು, ಹಾಸಿದ್ದು ಚದುರದಂತೆ ಬೆಸೆಯುವುದು. ಹಾಸಿಗೆ ಹೊಲಿಯುವವರ ಕೆಲಸವನ್ನು ಕಂಡವರಿಗೆ ಇದು ಹೊಸದೆನಿಸದು. ಪಿಂಜಾರರು ಬಿಲ್ಲಿನ ಹುರಿಯನ್ನು ಮರದ ಕೊಡತಿಯಿಂದ ಮಿಡಿದು ಗಂಟುಗಟ್ಟಿದ ಹತ್ತಿಯನ್ನು ಹಿಂಜುತ್ತಾರೆ. ಅರಳಿದ ಹತ್ತಿಯನ್ನು ಗವುಸಿನೊಳಗೆ ಸಮನಾಗಿ ಹರಡುತ್ತಾರೆ. ಅದು ಜರುಗದಂತೆ ಅಲ್ಲಲ್ಲಿ ಸೂಜಿದಾರದಿಂದ ಕುಟ್ಟುತ್ತಾರೆ. ಗವುಸು ನೇಯ್ದದ್ದು ನಿಜ, ಒಳಗಿನ ಹತ್ತಿಯ ಪದರ ನೇಯ್ದದ್ದಲ್ಲ. ಕಾರ್ಖಾನೆ ಮಾಡುವುದೂ ಇದನ್ನೇ, ಗವುಸನ್ನು ಬಿಟ್ಟು.

ಹಾಸುವ ಬಗೆಗಳು ಹಲವು. ಮುಳ್ಳುತಂತಿ ಹೊದಿಸಿದ ಉರುಳೆಗಳ ನಡುವೆ ನಾರನ್ನು ಹಾಯಿಸಿ, ಹಿಂಜಿ, ಜೇಡರ ಬಲೆಯಷ್ಟು ತೆಳುವಾದ ಪದರವಾಗಿ ತೆಗೆಯುವುದು ಒಂದು. ಆ ಪದರಗಳನ್ನು ಒಂದರ ಮೇಲೊಂದು ಮಡಿಸಿ ಬೇಕಾದ ದಪ್ಪ ಕೊಡುತ್ತಾರೆ. ಇದನ್ನು ‘ಹಿಂಜುಹಾಸು’ ಎನ್ನಬಹುದು. ಗಿಡ್ಡ ನಾರನ್ನು ಗಾಳಿಯಲ್ಲಿ ತೂರಿ ಜಾಲರಿಯ ಮೇಲೆ ಬೀಳಿಸಿದರೆ ‘ಗಾಳಿಹಾಸು’. ನೀರಿನಲ್ಲಿ ಕದಡಿ ಜರಡಿಯ ಮೇಲೆ ಸುರಿದು ನೀರನ್ನು ಬಸಿದರೆ ‘ನೀರುಹಾಸು’. ಕಾಗದ ಮಾಡುವುದೂ ಹೀಗೆಯೇ, ಚಹಾದ ಪುಟ್ಟ ಚೀಲ ಬರುವುದೂ ಹೀಗೆ.

ಕೈಚೀಲದ ಕತೆ ಇವುಗಳಿಗಿಂತ ಭಿನ್ನ. ಅದರಲ್ಲಿ ಹಿಂಜುವುದಕ್ಕೆ ನಾರೇ ಇರುವುದಿಲ್ಲ. ಕನ್ನಡದಲ್ಲಿ ‘ಜೇಡ’ ಎಂದರೆ ನೇಕಾರನೂ ಹೌದು, ಬಲೆ ಕಟ್ಟುವ ಹುಳುವೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಮೊದಲನೆಯ ಅರ್ಥ. ಎರಡು ಜೇಡರ ಕಸುಬೂ ಒಂದೇ ಎಂದು ಭಾಷೆ ಭಾವಿಸಿದಂತಿದೆ, ಆದರೆ ಒಂದಲ್ಲ. ನೇಕಾರನು ಇದ್ದ ನೂಲನ್ನು ನೇಯುತ್ತಾನೆ. ಹುಳು ತನ್ನೊಡಲಿನ ದ್ರವವನ್ನು ಸಣ್ಣ ರಂಧ್ರಗಳಿಂದ ಹೊರಡಿಸಿ ಎಳೆ ಮಾಡುತ್ತದೆ, ಹಾಗೆ ಮಾಡಿದ ಎಳೆಯನ್ನು ಅಂಟಿನಿಂದ ಒಂದಕ್ಕೊಂದು ಕೂಡಿಸುತ್ತದೆ. ಕೈಚೀಲದ ಯಂತ್ರ ಈ ಎರಡನೆಯ ಜೇಡನ ಹಾದಿಯದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹರಳುಗಳು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಅವನ್ನು ಅದಕ್ಕೂ ಹೆಚ್ಚಿನ ಬಿಸಿಯಲ್ಲಿ ಕರಗಿಸಿ, ಸಾವಿರಾರು ತೂತುಗಳ ಲೋಹದ ಫಲಕದ ಮೂಲಕ ಒತ್ತಿ ಹೊರಡಿಸುತ್ತಾರೆ. ಶಾವಿಗೆ ಒರಳಿನಲ್ಲಿ ಹಿಟ್ಟನ್ನು ಒತ್ತಿದ ಹಾಗೆ. ಇಳಿಯುವ ಎಳೆಗಳನ್ನು ತಣ್ಣನೆಯ ಗಾಳಿ ಎಳೆದು ಸಪೂರ ಮಾಡುತ್ತದೆ. ಅವು ಕೆಳಗೆ ಚಲಿಸುವ ಪಟ್ಟಿಯ ಮೇಲೆ ದಿಕ್ಕಿಲ್ಲದೆ ಬಿದ್ದು ಹಾಸಾಗುತ್ತವೆ. ಒಂದು ತುದಿಯಲ್ಲಿ ಹರಳು ಸುರಿದರೆ ಇನ್ನೊಂದು ತುದಿಯಲ್ಲಿ ಬಟ್ಟೆಯ ಸುರುಳಿ ಬರುತ್ತದೆ. ಇದರ ಅಗ್ಗಕ್ಕೂ ವೇಗಕ್ಕೂ ಕಾರಣ ಇದೇ. ಈ ಬಗೆಗೆ ಉದ್ಯಮದಲ್ಲಿ ‘ಸ್ಪನ್‌ಬಾಂಡ್’ ಎಂಬ ಹೆಸರಿದೆ. ತೂತಿನ ಬಾಯಲ್ಲಿಯೇ ಬಿಸಿಗಾಳಿಯನ್ನು ಜೋರಾಗಿ ಊದಿ ಎಳೆಯನ್ನು ಚಿಂದಿಮಾಡಿದರೆ ‘ಮೆಲ್ಟ್‌ಬ್ಲೋನ್’. ಅದರ ನಾರಿನ ದಪ್ಪ ಸಾಮಾನ್ಯವಾಗಿ 1ರಿಂದ 5 ಮೈಕ್ರಾನ್. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ.

ಇನ್ನು ಬೆಸುಗೆ. ಉಣ್ಣೆಗೆ ಹೊರಗಿನ ಯಾವುದೂ ಬೇಡ. ಅದರ ಕೂದಲಿನ ಮೈಮೇಲೆ ಹುರುಪೆಗಳಿವೆ. ಬಿಸಿನೀರು, ಸಾಬೂನು, ಒತ್ತಡ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡದಾಗುತ್ತವೆ. ಕಾಶ್ಮೀರದ ನಮ್ದಾ ಹೀಗಾಗುತ್ತದೆ. ಕುರುಬರ ಕಂಬಳಿ ಉಣ್ಣೆಯದಾದರೂ ಮಗ್ಗದ್ದು, ಈ ಗುಂಪಿನದಲ್ಲ. ಹುರುಪೆ ಇಲ್ಲದ ನಾರಿಗೆ ಸೂಜಿ ಬೇಕು. ಹಲಗೆಯೊಂದಕ್ಕೆ ಜೋಡಿಸಿದ ಸೂಜಿಗಳು ಪದರವನ್ನು ಮೇಲಿನಿಂದ ಚುಚ್ಚಿಚುಚ್ಚಿ ಎತ್ತುತ್ತವೆ. ಅವುಗಳ ಅಂಚಿನ ಕೊಕ್ಕೆಗಳು ಮೇಲಿನ ನಾರನ್ನು ಕೆಳಕ್ಕೆ ಒಯ್ದು ಹೆಣೆದುಬಿಡುತ್ತವೆ. ದಾರವಿಲ್ಲದ ಹೊಲಿಗೆ ಇದು. ತೆಂಗಿನ ನಾರಿನ ಹಾಸುಗಳನ್ನು ಈ ಸೂಜಿಯ ವಿಧಾನದಿಂದ ತಯಾರಿಸಿ ಹಾಸಿಗೆಗೂ, ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಹೊದಿಸುವುದಕ್ಕೂ ಬಳಸುತ್ತಾರೆ. ಅದೇ ನಾರನ್ನು ಸುರುಳಿಗೊಳಿಸಿ ರಬ್ಬರಿನ ಹಾಲನ್ನು ಸಿಂಪಡಿಸಿ ಬೇಯಿಸಿದರೆ ಅಂಟಿನ ಬೆಸುಗೆ. ಗಟ್ಟಿ ನಾರುಹಾಸಿಗೆಗಳ ತಿರುಳು ಅದು. ಸೂಜಿಗೆ ಬದಲಾಗಿ ಕೂದಲೆಳೆಯಷ್ಟು ಸಣ್ಣ ನೀರಿನ ಧಾರೆಗಳನ್ನು ಅತಿ ಒತ್ತಡದಲ್ಲಿ ಹಾಯಿಸಿ ನಾರನ್ನು ಹೆಣೆಯುವುದೂ ಉಂಟು. ಕೈಮೊಗ ಒರೆಸುವ ಒದ್ದೆ ಹಾಳೆಗಳ ಮೆದುತನ ಅಲ್ಲಿಂದ ಬಂದದ್ದು.

ಈ ಕೊನೆಯದಕ್ಕೆ ‘ನೀರುಬಂಧ’ ಎಂದು ಹೆಸರಿಡುವ ಆಸೆ ಯಾರಿಗಾದರೂ ಆಗಬಹುದು. ಕನ್ನಡದ ನೀರಿಗೆ ಸಂಸ್ಕೃತದ ಬಂಧವನ್ನು ಕಟ್ಟಿದರೆ ಅರಿಸಮಾಸವಾಗುತ್ತದೆ ಎಂದು ಶಬ್ದಮಣಿದರ್ಪಣ ಓದಿದವರು ಆಕ್ಷೇಪಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ‘ನೀರ್ಬಂಧ’ ಎಂದು ಕುಗ್ಗಿದರೆ ‘ನಿರ್ಬಂಧ’ ಎಂದೇ ಓದಿಸಿಕೊಳ್ಳುತ್ತದೆ. ‘ನೀರುಹೆಣಿಗೆ’, ‘ಸೂಜಿಹೆಣಿಗೆ’, ‘ಅಂಟುಬೆಸುಗೆ’, ‘ಬಿಸಿಬೆಸುಗೆ’ ಎಂಬವು ಕಿವಿಗೂ ಹಿತ, ಕೆಲಸವನ್ನೂ ಕಣ್ಣಿಗೆ ತರುತ್ತವೆ. ಹಿಂಜು, ಹಾಸು, ಚುಚ್ಚು, ಹೆಣೆ, ಬೆಸೆ ಎಂಬ ಐದಾರು ಕ್ರಿಯಾಪದಗಳಲ್ಲಿ ಇಡೀ ಕಾರ್ಖಾನೆ ಅಡಗುತ್ತದೆ. ಇವುಗಳಲ್ಲಿ ಯಾವುದನ್ನೂ ಹೊಸದಾಗಿ ಟಂಕಿಸಬೇಕಾಗಿಲ್ಲ.

ಕೈಚೀಲಕ್ಕೆ ಬಳಸುವುದು ಬಿಸಿಬೆಸುಗೆ. ಎಳೆಗಳ ಹಾಸನ್ನು ಕಾದ ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಒಂದರ ಮೈಮೇಲೆ ಸಾಲಾಗಿ ಉಬ್ಬುಚುಕ್ಕಿಗಳಿರುತ್ತವೆ; ಅವು ಒತ್ತಿದಲ್ಲಿ ಮಾತ್ರ ಪ್ಲಾಸ್ಟಿಕ್ ಕರಗಿ ಎಳೆಗಳು ಒಂದಾಗುತ್ತವೆ, ಉಳಿದೆಡೆ ಸಡಿಲವಾಗಿ ಮೆದುವಾಗಿರುತ್ತವೆ. ಜನರು ಚೀಲದ ಮೇಲೆ ಕಾಣುವ ಚುಕ್ಕಿಗಳು ನೇಯ್ಗೆಯ ವಿನ್ಯಾಸವಲ್ಲ, ಬೆಸುಗೆಯ ಕಲೆಗಳು. ಅಂಚಿನಿಂದ ಒಂದು ಎಳೆಯನ್ನು ಹಿರಿದು ನೋಡಿದರೂ ಭೇದ ತಿಳಿಯುತ್ತದೆ. ಹತ್ತಿಯ ಚೀಲದಿಂದ ಉದ್ದನೆಯ ನೂಲು ಬಿಚ್ಚಿಕೊಂಡು ಬರುತ್ತದೆ, ಇದರಿಂದ ಪುಡಿನಾರು ಕಿತ್ತು ಬರುತ್ತದೆ. ಬೆಂಕಿಗೆ ತಾಗಿದರೆ ಹತ್ತಿ ಉರಿದು ಬೂದಿಯಾಗುತ್ತದೆ, ಇದು ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ.

ಹಾಗೆಂದು ಈ ವಿಧಾನವನ್ನೇ ದೂರುವುದು ಅವಸರದ ಮಾತಾದೀತು. 2020ರಲ್ಲಿ ಕೋವಿಡ್ ಹರಡಿದಾಗ ವೈದ್ಯರ ಮುಖಗವಸಿನ ನಡುಪದರವಾಗಿ ನಿಂತದ್ದು ಇದೇ ಪಾಲಿಪ್ರೊಪಿಲೀನ್. ಹೊರಗೂ ಒಳಗೂ ಸ್ಪನ್‌ಬಾಂಡ್, ನಡುವೆ ವಿದ್ಯುದಾವೇಶ ಕೊಟ್ಟ ಮೆಲ್ಟ್‌ಬ್ಲೋನ್. ನೇಯ್ದ ಬಟ್ಟೆಯ ಕಿಂಡಿಯಲ್ಲಿ ತೂರಿಹೋಗುವ ಕಣವನ್ನು ಆ ಸೂಕ್ಷ್ಮ ನಾರುಗಳ ಗೊಂಡಾರಣ್ಯ ಹಿಡಿಯುತ್ತದೆ. ಆಗ ದಿಂಬಂ ಘಟ್ಟದ ಕೆಳಗಿನ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಮುಖಗವಸು, ರಕ್ಷಾಕವಚಗಳ ಹೊಲಿಗೆಗೆ ತೊಡಗಿದವು. ಕವಚದ ಬಟ್ಟೆಯೊಳಕ್ಕೆ ರಕ್ತ ಇಳಿಯುವುದೇ ಎಂಬುದನ್ನು ಕೃತಕ ರಕ್ತದಿಂದ ಪರೀಕ್ಷಿಸಿದ ಪ್ರಯೋಗಾಲಯಗಳಲ್ಲಿ ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಸ್ಥೆ ಪ್ರಮುಖವಾಗಿತ್ತು. ಹಾಸುಹೊಕ್ಕಿನ ಕ್ರಮವಿಲ್ಲದಿರುವುದು ಅಲ್ಲಿ ದೋಷವಲ್ಲ, ಗುಣ.

ಆದುದರಿಂದ ‘ಬಟ್ಟೆಯೋ ಪ್ಲಾಸ್ಟಿಕ್ಕೋ’ ಎಂಬ ಪ್ರಶ್ನೆಯೇ ಸರಿಯಾಗಿ ಕೂಡಿಸಿದ್ದಲ್ಲ. ಬಟ್ಟೆ ಎಂಬುದು ರೂಪ, ನೇಯ್ಗೆ ಎಂಬುದು ವಿಧಾನ, ಪ್ಲಾಸ್ಟಿಕ್ ಎಂಬುದು ದ್ರವ್ಯ. ತೆಂಗಿನ ನಾರಿನ ಹಾಸು ನೇಯದ್ದು, ಆದರೆ ಪ್ಲಾಸ್ಟಿಕ್ ಅಲ್ಲ. ಗೊಬ್ಬರದ ಚೀಲ ಪ್ಲಾಸ್ಟಿಕ್ ಪಟ್ಟಿಗಳಿಂದ ನೇಯ್ದದ್ದು, ಆದರೆ ಹತ್ತಿಯಲ್ಲ. ಅಂಗಡಿಯ ಕೈಚೀಲ ನೇಯದ್ದೂ ಹೌದು, ಪ್ಲಾಸ್ಟಿಕ್ಕೂ ಹೌದು. ತಮಿಳುನಾಡಿನ 2018ರ ಪಟ್ಟಿ ವಿಧಾನವನ್ನು ಮಾತ್ರ ಹೆಸರಿಸಿ ದ್ರವ್ಯವನ್ನು ಸಂದರ್ಭಕ್ಕೆ ಬಿಟ್ಟಿತು. ಕೇಂದ್ರ ಸರಕಾರದ 2021ರ ತಿದ್ದುಪಡಿ ನಿಯಮ ಎರಡನ್ನೂ ಹೇಳುತ್ತದೆ: ನೇಯದ ಪ್ಲಾಸ್ಟಿಕ್ ಕೈಚೀಲ ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಗಬಾರದು ಎಂಬುದು 2021ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂದ ಮಿತಿ. 40 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಚೀಲದ ಎರಡು ಮೈ ಸೇರಿ 0.36 ಚದರ ಮೀಟರ್. ಹಿಡಿಕೆ ಬಿಟ್ಟು ಅದು 21.6 ಗ್ರಾಮಾದರೂ ತೂಗಬೇಕು. ತರಕಾರಿ ಅಂಗಡಿಯ ತಕ್ಕಡಿಯಲ್ಲಿಯೇ ಪರೀಕ್ಷಿಸಬಹುದಾದ ಲೆಕ್ಕ. ತೆಳುವಾದ ಚೀಲ ಬೇಗ ಹರಿಯುತ್ತದೆ, ಹರಿದದ್ದು ಎಳೆಎಳೆಯಾಗಿ ಮಣ್ಣಿಗೆ ಬೀಳುತ್ತದೆ; ತಾಳವಾಡಿಯ ದಾರಿ 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡನ್ನು ಹಾದುಹೋಗುತ್ತದೆ.

ಕನ್ನಡಕ್ಕೆ ಅನುವಾದಿಸುವವನ ಹೊಣೆ ಇಲ್ಲಿ ಸ್ಪಷ್ಟ. ‘ನೇಯದ ಬಟ್ಟೆಯ ಚೀಲ ನಿಷಿದ್ಧ’ ಎಂದು ಫಲಕ ಬರೆದರೆ ಓದುವವನು ‘ಬಟ್ಟೆ’ ಎಂಬಲ್ಲಿಯೇ ನಿಲ್ಲುತ್ತಾನೆ, ಹತ್ತಿಯ ಚೀಲವನ್ನೂ ಸಂಶಯಿಸುತ್ತಾನೆ. ‘ಪ್ಲಾಸ್ಟಿಕ್ ಎಳೆಗಳನ್ನು ಬಿಸಿಯಿಂದ ಬೆಸೆದ ಚೀಲ’ ಎಂದರೆ ಉದ್ದವಾದೀತು, ತಪ್ಪು ತಿಳಿವಳಿಕೆಗೆ ಎಡೆಯಿರದು. ಚಿಕ್ಕದು ಬೇಕೆನ್ನುವವರಿಗೆ ‘ಬೆಸೆದ ಪ್ಲಾಸ್ಟಿಕ್ ಚೀಲ’ ಇದೆ. ತಮಿಳುನಾಡು ಸರಕಾರ 2021ರ ಡಿಸೆಂಬರಿನಲ್ಲಿ ಆರಂಭಿಸಿದ ‘ಮೀಂಡುಂ ಮಂಜಪ್ಪೈ’ ಆಂದೋಲನ ಇದೇ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿತು. ಅದು ಬೇಡವಾದುದರ ಹೆಸರನ್ನು ಬಿಟ್ಟು ಬೇಕಾದುದರ ಹೆಸರನ್ನು ಹಿಡಿಯಿತು. ಮಂಜಳ್ ಎಂದರೆ ಅರಿಸಿನ, ಆ ಬಣ್ಣವೂ ಹೌದು. ಪೈ ಎಂದರೆ ಚೀಲ. ಹಿಂದೆ ಮದುವೆಗಳಲ್ಲಿ ತಾಂಬೂಲದೊಡನೆ ಕೊಡುತ್ತಿದ್ದ, ಹಾಸು ಹೊಕ್ಕು ಎರಡೂ ಉಳ್ಳ ಹಳದಿ ಹತ್ತಿಚೀಲ ಅದು. ಅರಿಸಿನ ಬೆಳೆಯುವ ತಾಳವಾಡಿಯಲ್ಲಿ ಆ ಹೆಸರಿಗೆ ಅನುವಾದ ಬೇಕಾಗುವುದಿಲ್ಲ.